ಬಾಗಿಲು ತೆಗೆಯುವಷ್ಟು ಶಕ್ತಿ

ನಮ್ಮ ಮನೆಯಲ್ಲಿ ಯಾವ ಹಬ್ಬವೂ ನೆಟ್ಟಗೆ ನಡೆದಿಲ್ಲ. ನಡೆದಿದ್ದರೆ ನೆನಪೂ ಇರುತ್ತಿರಲಿಲ್ಲ.

ನಾನು ಹೆಚ್ಚು ಮಾತಾಡುವವನಲ್ಲ. ರೈಲಿನಲ್ಲಿ ಗಾರ್ಡ್ ಆಗಿದ್ದೆ. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬನೇ ಕೂತು ಹುಬ್ಬಳ್ಳಿಯಿಂದ ಗೋವೆಯ ವಾಸ್ಕೋಗೆ ಇಳಿಯುವುದು, ವಾಸ್ಕೋದಿಂದ ಹುಬ್ಬಳ್ಳಿಗೆ ಹತ್ತುವುದು. ಮಾತಾಡಬೇಕೆಂದರೂ ಯಾರ ಜೊತೆ? ನಿವೃತ್ತಿಯಾದ ಮೇಲೆ ವಾಸ್ಕೋದಲ್ಲೇ ಉಳಿದೆವು.

ನಾವು ಯೆಹೂದಿಗಳು. ಹೀಗೆಂದರೆ ಜನ ಒಮ್ಮೆ ಮುಖ ನೋಡುತ್ತಾರೆ. ಆಮೇಲೆ "ಅಂದ್ರ ಕ್ರಿಶ್ಚಿಯನ್ನರೇನ್ರಿ?" ಅನ್ನುತ್ತಾರೆ. ಅಲ್ಲ. ಕೊಂಕಣ ತೀರದ ಹಳೇ ಯೆಹೂದಿಗಳು. ಅಜ್ಜ ರೈಲ್ವೆ ನೌಕರಿ ಹಿಡಿದು ಹುಬ್ಬಳ್ಳಿಗೆ ಬಂದ. ನಾನು ಹುಟ್ಟಿದ್ದು ಅಲ್ಲೇ, ಕನ್ನಡ ಶಾಲೆಗೆ ಹೋದದ್ದೂ ಅಲ್ಲೇ. ಹೆಂಡತಿ ಧಾರವಾಡದವಳು. ಮನೆಮಾತು ಮರಾಠಿ, ಜಗಳ ಕನ್ನಡದಲ್ಲಿ. ಹಾಗಾಗಿ ಕನ್ನಡವೇ ಹೆಚ್ಚು.

ನಮ್ಮ ದೊಡ್ಡ ಹಬ್ಬ ಚೈತ್ರದ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ. ಹೆಸರು ಪೆಸಾಹ್. ನಮ್ಮ ಹಿರಿಯರು ಅದನ್ನು ಹುಳಿ ಗಡಿಗೆ ಮುಚ್ಚುವ ಹಬ್ಬ ಅನ್ನುತ್ತಿದ್ದರು. ನಮ್ಮವರು ಈಜಿಪ್ಟಿನ ಗುಲಾಮಗಿರಿ ಬಿಟ್ಟು ಓಡಿಬಂದಾಗ ಹಿಟ್ಟು ಹುಳಿ ಬರಲೂ ಪುರುಸೊತ್ತಿರಲಿಲ್ಲವಂತೆ. ಅದರ ನೆನಪಿಗೆ ಅಷ್ಟು ದಿನ ಮನೆಯಲ್ಲಿ ಪಾವ್ ಬ್ರೆಡ್ಡಿಲ್ಲ, ಚಪಾತಿಯಿಲ್ಲ, ಗೋಧಿಯದು ಬೇರೆ ಯಾವುದೂ ಇಲ್ಲ. ಗೋಧಿ ಹಿಟ್ಟನ್ನು ಹುಳಿ ಏರುವ ಮುಂಚೆಯೇ ಬೇಯಿಸಿದ ಒಣ ರೊಟ್ಟಿ ಮಾತ್ರ. ಮೊದಲ ಸಂಜೆ ಮನೆಯವರೆಲ್ಲ ಕೂತು ಆ ಕತೆ ಓದಿ ಊಟ ಮಾಡುತ್ತೇವೆ. ಊಟ ಮುಗಿದ ಮೇಲೆ ಎಲಿಯಾಹು ಪ್ರವಾದಿ ಬರಲಿ ಎಂದು ಬಾಗಿಲು ತೆಗೆದಿಡುತ್ತೇವೆ.

ನಮ್ಮ ಮನೆಯಲ್ಲಿ ಆ ಬಾಗಿಲು ತೆಗೆಯುವುದು ಹೆಂಡತಿ. ಮದುವೆಯಾಗಿ ಬಂದ ವರ್ಷ ನನ್ನ ಅವ್ವ ಆ ಕೆಲಸ ಅವಳಿಗೆ ಒಪ್ಪಿಸಿದಳು. ಅಂದಿನಿಂದ ಬೇರೆಯವರು ಚಿಲಕ ಮುಟ್ಟಿಲ್ಲ.

ಒಂದು ವರ್ಷ ಮಾತ್ರ ತಪ್ಪಿತು. ಅವಳಿಗೆ ಹೃದಯದ ತೊಂದರೆಯಾಗಿ ಆಸ್ಪತ್ರೆಯಿಂದ ಬಂದ ವರ್ಷ. ಹಟ ಹಿಡಿದು ಎಲ್ಲ ಅಡುಗೆ ಮಾಡಿದಳು. ಸಂಜೆ ಮೇಜಿನ ಮುಂದೆ ಕೂತಲ್ಲೇ ನಿದ್ದೆ ಹೋದಳು. ಬಾಗಿಲನ್ನು ಮುಂಬೈ ಪಕ್ಕದ ಠಾಣೆ ಊರಿನಿಂದ ಬಂದಿದ್ದ ಮಗಳು ತೆಗೆದಳು. ಮರುದಿನ ಹೆಂಡತಿ ಅತ್ತಳು. ಮಗಳೂ ಅತ್ತಳು. ಆಮೇಲೆ ಮಗಳು ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು.

"ಇನ್ನ ಮುಂದ ಹಬ್ಬ ನಮ್ಮ ಠಾಣೆ ಮನ್ಯಾಗ. ನೀವಿಬ್ಬರೂ ಅಲ್ಲಿಗೇ ಬರ್ರಿ. ಅಡಗಿ ಹೊರಗಿಂದ ತರಸ್ತೇನಿ."

ಹೆಂಡತಿ ಅಂದಳು: "ಇನ್ನೊಂದು ವರ್ಷ ನೋಡು. ಬಾಗಲಾ ನಾನೇ ತೆಗದ್ರ ಹಬ್ಬ ಇಲ್ಲೇ. ಇಲ್ಲಂದ್ರ ಠಾಣೆ."

ಈ ಪ್ರಸಂಗಗಳು ಆ ಇನ್ನೊಂದು ವರ್ಷದವು.

೧. ಅರ್ಧದ ಲೆಕ್ಕ

ಹಬ್ಬ ಹತ್ತಿರ ಬಂದಾಗ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಕೊಂಕಣಿಯವರು, ಆದರೆ ಬೆಳಗಾವಿಯಲ್ಲಿ ಓದಿದವರು. ಕನ್ನಡ ಬರುತ್ತದೆ.

"ಅಜ್ಜಿ, ಕೆಲಸ ಮಾಡಬೇಡಿ ಅನ್ನೋದಿಲ್ಲ. ನಿಮಗೆ ಎಷ್ಟು ಆಗುತ್ತೆ ಅನಿಸುತ್ತೋ ಅದರಲ್ಲಿ ಅರ್ಧ ಮಾತ್ರ ಮಾಡಿ. ಸುಸ್ತಾದ ಮೇಲೆ ಕೂರೋದಲ್ಲ, ಸುಸ್ತಾಗೋ ಮುಂಚೆ ಕೂರಬೇಕು."

"ಅರ್ಧ ಅಂದ್ರ ಹೆಂಗ್ರಿ? ಉಳ್ಳಾಗಡ್ಡಿ ಅರ್ಧ ಹೆಚ್ಚಿ ಅರ್ಧ ಬಿಡಲೇನು?"

"ಉಳಿದ ಅರ್ಧ ಬೇರೆಯವರು ಮಾಡಲಿ." ಡಾಕ್ಟರು ನನ್ನ ಕಡೆ ನೋಡಿದರು.

ಹೆಂಡತಿಯೂ ನೋಡಿದಳು. ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು.

"ಡಾಕ್ಟರ, ಇನ್ನೊಂದು ಸಲ ನನ್ನ ಎದಿ ನೋಡಿಬಿಡ್ರಿ. ಇವರು ಅಡಗಿ ಮನಿಗೆ ಬಂದ್ರ ತಡಕೊಂತೈತೋ ಇಲ್ಲೋ."

೨. ಕಣ್ಣೀರಿನ ಉಪ್ಪು

ಅಡುಗೆ ಮನೆಯಲ್ಲಿ ಒಂದು ಬೆತ್ತದ ಖುರ್ಚಿ ಹಾಕಿದೆ. ಅವಳು ಅದರಲ್ಲಿ ಕೂತು ಹೇಳಬೇಕು, ನಾನು ಮಾಡಬೇಕು.

ನನಗೆ ಹುಬ್ಬಳ್ಳಿಯ ಕ್ವಾರ್ಟರ್ಸು ನೆನಪಾಯಿತು. ಹಬ್ಬದ ವಾರ ನಮ್ಮ ಅಡುಗೆ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅವ್ವ, ಕಾಕು ಎಂದು ಕರೆಯುವ ಇಬ್ಬರು ಚಿಕ್ಕಮ್ಮಂದಿರು, ಸೋದರತ್ತೆ, ಕ್ವಾರ್ಟರ್ಸಿನ ಸಾಲಿನಲ್ಲಿದ್ದ ನಮ್ಮವರ ಹೆಣ್ಣುಮಕ್ಕಳೆಲ್ಲ. ಒಬ್ಬಳು ಖರ್ಜೂರ ಕುದಿಸಿದರೆ ಒಬ್ಬಳು ಹಿಂಡುವುದು. ಒಬ್ಬಳು ಹಾಡಿದರೆ ಉಳಿದವರು ಅವಳ ಶ್ರುತಿ ಆಡಿಕೊಳ್ಳುವುದು. ಗಂಡಸರು ಬಾಗಿಲಲ್ಲಿ ಇಣುಕಿದರೆ ಬೈಗುಳ. ಒಬ್ಬರಿಗೆ ಕಾಲು ನೊಂದರೆ ಅವರು ಕೂರುತ್ತಿದ್ದರು, ಇನ್ನೊಬ್ಬರು ಏಳುತ್ತಿದ್ದರು. ಯಾರ ಶಕ್ತಿ ಎಷ್ಟು ಎಂದು ಯಾರೂ ನೋಡಲಿಲ್ಲ. ಎಲ್ಲರದೂ ಸೇರಿ ಒಂದೇ ಇತ್ತು. ಆ ಹೆಂಗಸರಲ್ಲಿ ಕೆಲವರು ಇಸ್ರೇಲಿಗೆ ಹೋದರು, ಕೆಲವರು ಮುಂಬೈಗೆ, ಉಳಿದವರು ಮಣ್ಣಿಗೆ.

ಈಗ ಆ ಅಷ್ಟೂ ಹೆಂಗಸರ ಜಾಗದಲ್ಲಿ ನಾನು.

ಒಣ ರೊಟ್ಟಿಗೆ ಹಚ್ಚಿಕೊಳ್ಳಲು ಖರ್ಜೂರ ಕುದಿಸಿ ತೆಳು ಬಟ್ಟೆಯಲ್ಲಿ ಹಿಂಡಿ ಪಾಕ ತೆಗೆಯಬೇಕು. ಹಿಂಡಿದೆ. ಪಾಕ ಪಾತ್ರೆಗೆ ಸ್ವಲ್ಪ ಬಿತ್ತು, ಅಂಗಿಗೆ ಹೆಚ್ಚು ಬಿತ್ತು. ಹೆಂಡತಿ ಖುರ್ಚಿಯಿಂದ ಏಳಲು ಹೋದಳು. ಕಣ್ಣು ಬಿಟ್ಟೆ. ಕೂತಳು.

ಆಮೇಲೆ ಉಪ್ಪು ನೀರು. ಗುಲಾಮಗಿರಿಯ ಕಣ್ಣೀರಿನ ನೆನಪಿಗೆ ಒಂದು ಬಟ್ಟಲು ಉಪ್ಪು ನೀರು ಮೇಜಿನ ಮೇಲಿರಬೇಕು.

"ಎಷ್ಟು ಉಪ್ಪು?"

"ಕಣ್ಣೀರಿನಷ್ಟು."

ಹಾಕಿದೆ. ಕಲಸಿದೆ. ಚಮಚ ಅವಳ ಕೈಗೆ ಕೊಟ್ಟೆ. ನಾಲಗೆಗೆ ಮುಟ್ಟಿಸಿದಳು. ಮುಖ ಕಿವುಚಿದಳು.

"ಏನು?"

"ಇಷ್ಟು ಉಪ್ಪಿನ ಕಣ್ಣೀರು ನಿಮ್ಮನ್ನ ಕಟ್ಟಿಕೊಂಡ ಮ್ಯಾಲೂ ನಾ ಹಾಕಿಲ್ಲ."

೩. ಕೆಂಪು ಬಾವುಟ

ಡಾಕ್ಟರು ಹೇಳಿದ್ದು ಸುಸ್ತಾಗುವ ಮುಂಚೆ ಕೂರಬೇಕು ಎಂದು. ಸುಸ್ತಾಗುವ ಮುಂಚೆ ಎಂದರೆ ಯಾವಾಗ, ಅದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು. ಅವಳ ಮೇಲ್ತುಟಿಯ ಮೇಲೆ ಬೆವರು ಮೂಡುತ್ತದೆ. ಆದರೆ ನಾನು "ಕೂತ್ಕೊ" ಎಂದರೆ "ಇದೊಂದು ಮುಗಿಸಿ" ಅನ್ನುತ್ತಿದ್ದಳು. ಆ ಇದೊಂದಕ್ಕೆ ಕೊನೆಯಿರಲಿಲ್ಲ.

ಟ್ರಂಕಿನಿಂದ ನನ್ನ ಹಳೆಯ ಬಾವುಟಗಳನ್ನು ತೆಗೆದೆ. ಹಸಿರೊಂದು, ಕೆಂಪೊಂದು.

"ಏನ್ರಿ ಇದು?"

"ಕೆಂಪು ತೋರಿಸಿದರ ಕೂಡಬೇಕು. ಹಸಿರು ತೋರಿಸಿದರ ಏಳು."

"ನಾ ಏನು ಗೂಡ್ಸ್ ಗಾಡಿ ಏನ್ರಿ?"

ಕೆಂಪು ತೋರಿಸಿದೆ. ಬಾವುಟ ಕೆಲಸ ಮಾಡಿತು. ಮಾತಿಗೆ ಎದುರು ಮಾತಾಡುವವಳು ಬಟ್ಟೆಗೆ ಏನೂ ಹೇಳಲಾಗದೆ ಕೂರುತ್ತಿದ್ದಳು. ಗಾರ್ಡ್ ಕೆಲಸಕ್ಕೆ ಇಷ್ಟು ಬೆಲೆ ರೈಲ್ವೆಯಲ್ಲೂ ಸಿಕ್ಕಿರಲಿಲ್ಲ.

ಹಬ್ಬಕ್ಕೆ ಮುಂಚಿನ ದಿನ ಒಣ ರೊಟ್ಟಿ. ಇದಕ್ಕೊಂದು ನಿಯಮವಿದೆ. ಹಿಟ್ಟಿಗೆ ನೀರು ಬಿದ್ದ ಕ್ಷಣದಿಂದ ಓಟ. ಕಲಸಿ, ಲಟ್ಟಿಸಿ, ಮುಳ್ಳುಚಮಚದಿಂದ ಚುಚ್ಚಿ, ಕಾದ ಹಂಚಿಗೆ ಹಾಕಿ ಬೇಯಿಸಿಬಿಡಬೇಕು. ನಡುವೆ ತಡವಾದರೆ ಹಿಟ್ಟು ಹುಳಿ ಏರಲು ಶುರುವಾಯಿತೆಂದು ಲೆಕ್ಕ. ಆಮೇಲೆ ಅದು ಹಬ್ಬಕ್ಕೆ ಬಾರದು. ಇದನ್ನು ಮಾತ್ರ ನನಗೆ ಬಿಡಲು ಅವಳು ಒಪ್ಪಲಿಲ್ಲ.

ಹಿಟ್ಟು ಅವಸರ ಮಾಡು ಅನ್ನುತ್ತದೆ. ಡಾಕ್ಟರು ನಿಧಾನ ಅನ್ನುತ್ತಾರೆ. ನಾನು ನಡುವೆ ಬಾವುಟ ಹಿಡಿದು ನಿಂತಿದ್ದೆ.

ಕಲಸಿದಳು. ಲಟ್ಟಿಸತೊಡಗಿದಳು. ತುಟಿಯ ಮೇಲೆ ಬೆವರು ಕಂಡಿತು. ಕೆಂಪು ತೋರಿಸಿದೆ.

"ಈಗ ಬ್ಯಾಡ್ರಿ!"

ಇನ್ನೂ ಮೇಲೆ ಎತ್ತಿದೆ. ಅಭ್ಯಾಸ. ಅವಳಿಗೂ ಅಭ್ಯಾಸವಾಗಿತ್ತು, ಕೂತುಬಿಟ್ಟಳು. ನಾನು ನೀರು ಕೊಟ್ಟೆ. ಬೀಸಣಿಗೆ ಬೀಸಿದೆ. ಉಸಿರು ಸರಿಹೋಯಿತು. ತೃಪ್ತಿಯಿಂದ ಹಸಿರು ತೋರಿಸಿದೆ.

ಅವಳು ಗಡಿಯಾರ ನೋಡಿದಳು. ಹಿಟ್ಟು ನೋಡಿದಳು. ಎದ್ದು ಅಷ್ಟೂ ಹಿಟ್ಟನ್ನು ತೆಗೆದು ಹೊರಗೆ ಆಕಳಿಗೆ ಹಾಕಿ ಬಂದಳು. ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ನಾನು ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡೆ. ಅವಳು ಲಟ್ಟಣಿಗೆ ಎತ್ತಿ ತೋರಿಸಿ ಅಂದಳು:

"ರೊಟ್ಟಿ ಅಂದ್ರ ನಿಮ್ಮ ರೈಲಲ್ಲ. ಲೇಟಾದ್ರ ನಡಿಯೂದಿಲ್ಲ."

೪. ಮೇಣದಬತ್ತಿಯ ಹುಡುಕಾಟ

ಅದೇ ದಿನ ಮುಸ್ಸಂಜೆ ಇನ್ನೊಂದು ಶಾಸ್ತ್ರ. ಮನೆಯೆಲ್ಲ ತೊಳೆದ ಮೇಲೂ ಹುಳಿ ಹಿಟ್ಟಿನದು ಏನಾದರೂ ಉಳಿದಿದೆಯೇ ಎಂದು ಮೇಣದಬತ್ತಿ ಹಿಡಿದು ಹುಡುಕಬೇಕು. ಹುಡುಕಿದಾಗ ಏನೂ ಸಿಗದಿದ್ದರೆ ಹುಡುಕಿದಂತಾಗಲಿಲ್ಲವಲ್ಲ. ಅದಕ್ಕೆ ಮೊದಲೇ ಪಾವಿನ ಕೆಲವು ಚೂರುಗಳನ್ನು ನಾವೇ ಬಚ್ಚಿಟ್ಟಿರುತ್ತೇವೆ. ಅವೆಲ್ಲ ಸಿಗಲೇಬೇಕು. ಮರುದಿನ ಬೆಳಗ್ಗೆ ಸುಡುತ್ತೇವೆ.

ಹುಬ್ಬಳ್ಳಿಯಲ್ಲಿ ಅಪ್ಪ ಬಚ್ಚಿಡುತ್ತಿದ್ದ. ಅಟ್ಟದ ಮೇಲೆ, ಗಡಿಯಾರದ ಹಿಂದೆ, ಒಮ್ಮೆ ತನ್ನ ಟೊಪ್ಪಿಗೆಯೊಳಗೇ ಇಟ್ಟುಕೊಂಡಿದ್ದ. ನಾನು ಅಂಥ ಆಟ ಆಡಲಿಲ್ಲ. ಹೆಂಡತಿ ನಡೆದಾಡಬಾರದು. ಎಲ್ಲ ಚೂರುಗಳನ್ನೂ ಅವಳ ಬೆತ್ತದ ಖುರ್ಚಿಯ ಸುತ್ತಲೇ ಇಟ್ಟೆ. ದಿಂಬಿನ ಕೆಳಗೊಂದು, ಕಾಲುಮಣೆಯ ಹಿಂದೊಂದು, ಕೈಗೆ ಸಿಗುವ ಕಪಾಟಿನಲ್ಲೊಂದು, ಹೀಗೆ. ಕೂತಲ್ಲೇ ಶಾಸ್ತ್ರ ಮುಗಿಯಬೇಕು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಝುವಾರಿನಗರದವಳು. ಊರು ವಿಜಯಪುರದ ಕಡೆ. ಗಂಡ ಬಂದರಿನಲ್ಲಿ ಹಮಾಲಿ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ನಾನು ಮಧ್ಯಾಹ್ನ ಮಲಗಿದ್ದಾಗ ಬಂದು ಕೊನೆಯ ಸಲ ಗುಡಿಸಿ ಒರೆಸಿ ಹೋಗಿದ್ದಳು.

ಸಂಜೆ ಮೇಣದಬತ್ತಿ ಹಚ್ಚಿದೆ. ಹೆಂಡತಿ ಖುರ್ಚಿಯಲ್ಲಿ ಕೂತು ದಿಂಬು ಎತ್ತಿದಳು. ಏನೂ ಇಲ್ಲ. ಕಾಲುಮಣೆಯ ಹಿಂದೆ ಇಲ್ಲ. ಕಪಾಟಿನಲ್ಲೂ ಇಲ್ಲ.

"ಎಲ್ಲಿ ಇಟ್ಟೀರಿ?"

"ಅಲ್ಲೇ."

"ಅಲ್ಲೇ ಅಂದ್ರ?"

"ಅಲ್ಲೇ ಅಂದ್ರ ಅಲ್ಲೇ."

ಮೊಣಕಾಲಿನ ಮೇಲೆ ಇಡೀ ಮನೆ ತಿರುಗಿದೆ. ಮಂಚದ ಕೆಳಗೆ, ಬೀರುವಿನ ಹಿಂದೆ. ಅವಳು ಕೂತಲ್ಲಿಂದ "ಇನ್ನಷ್ಟು ಬಲಕ್ಕ" ಎನ್ನುತ್ತಿದ್ದಳು. ಮೇಣ ಕೈಗೆ ಸುರಿಯಿತು. ಕೊನೆಗೆ ಕೆಲಸದಾಕೆಗೆ ಫೋನ್ ಮಾಡಿದೆ.

"ಹೌದ್ರಿ ಕಾಕಾ, ನಾನೇ ತಗದೇನಿ. ಹೇಳೂದು ಮರತೆ. ನಿಮ್ಮ ಮನ್ಯಾಗ ಇಲಿ ಸೇರ್‍ಯಾವ್ರಿ. ಪಾವ್ ತಂದು ತಂದು ಅಮ್ಮಾರ ಖುರ್ಚಿ ಸುತ್ತ ಇಟ್ಟಿದ್ದವು. ಎಷ್ಟು ಧೈರ್ಯ ನೋಡ್ರಿ!"

"ಆ ಪಾವ್ ಎಲ್ಲಿ?"

"ಬೋನಿನ್ಯಾಗ ಇಟ್ಟೇನ್ರಿ. ಗ್ಯಾಸಿನ ಸಿಲಿಂಡರಿನ ಹಿಂದ."

ಹೋಗಿ ನೋಡಿದೆ. ಇಲಿಬೋನು. ಒಳಗೆ ಪಾವಿನ ಚೂರುಗಳು ಎಲ್ಲ ಇದ್ದವು. ಜೊತೆಗೆ ಒಂದು ಇಲಿಯೂ ಇತ್ತು. ಮೇಣದಬತ್ತಿಯ ಬೆಳಕಿಗೆ ಅದು ಕಣ್ಣು ಪಿಳಿಪಿಳಿ ಮಾಡಿತು. ಒಂದು ಚೂರು ಅದರ ಬಾಯಲ್ಲಿತ್ತು.

ಬೋನನ್ನು ಹೆಂಡತಿಯ ಮುಂದೆ ತಂದಿಟ್ಟೆ. ಅವಳು ಬಗ್ಗಿ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುವುದಕ್ಕೂ ಶಕ್ತಿ ಬೇಕು, ಸಾಕು ಮಾಡು ಅಂದೆ.

"ದೇವರ ಆಜ್ಞಾ ಪೂರ್ತಿ ಮಾಡಬೇಕ್ರಿ," ಅಂದಳು. "ಬಾಯಾಗಿಂದೂ ತಗೀರಿ."

೫. ಕಟ್ಟೆಯ ಮೇಲಿನ ಸಜ್ಜಕ

ಆ ವರ್ಷ ನಮ್ಮ ಹಬ್ಬದ ದಿನವೇ ಹನುಮ ಜಯಂತಿ. ಹುಣ್ಣಿಮೆ ಅವನಿಗೂ ಅದೇ.

ಬೆಳಗ್ಗೆ ಕೆಲಸದಾಕೆ ಬಂದಳು. ಹೊಸ ಸೀರೆ, ಹಣೆ ತುಂಬ ಕುಂಕುಮ. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ತುಪ್ಪದ ವಾಸನೆ ಗೇಟಿನಿಂದಲೇ ಬಂತು.

"ಹನುಮಪ್ಪನ ಪ್ರಸಾದ್ರಿ. ಸಜ್ಜಕ. ಅಮ್ಮಾರಿಗೆ ಶಕ್ತಿ ಬರ್ಲಿ ಅಂತ ಬೇಡಿಕೊಂಡು ಮಾಡೇನಿ. ಹನುಮಪ್ಪಗಿಂತ ಶಕ್ತಿ ಕೊಡಾವ್ರು ಯಾರದಾರ?"

ಸಜ್ಜಕವೆಂದರೆ ಗೋಧಿ ರವೆ. ಮನೆ ತೊಳೆದಾಗಿದೆ, ಹುಡುಕಿಯಾಗಿದೆ. ಒಳಗೆ ತರುವ ಹಾಗಿಲ್ಲ. ಹಿಂದೆ ಕಳಿಸುವ ಹಾಗೂ ಇಲ್ಲ. ಹೆಂಡತಿಯ ಹೆಸರಲ್ಲಿ ಬೇಡಿಕೊಂಡು ಮಾಡಿದ್ದು. ಹೊತ್ತು ಏರುವ ತನಕ ಗೋಧಿ ತಿನ್ನಲು ಅವಕಾಶವಿತ್ತು. ಆಮೇಲೆ ಮುಟ್ಟುವಂತಿಲ್ಲ.

ಹೆಂಡತಿ ಹೊರಗೆ ಬಂದು ಹೊಸ್ತಿಲ ಆಚೆ ನಿಂತು ಒಂದು ತುತ್ತು ತಿಂದಳು. ಕಣ್ಣು ಮುಚ್ಚಿ ಚಪ್ಪರಿಸಿದಳು.

"ಭಾಳ ಚಲೋ ಆಗೇತವ್ವ." ಡಬ್ಬಿಯನ್ನು ನನ್ನ ಕೈಗಿಟ್ಟಳು. "ಉಳಿದ ಅರ್ಧ ಇವರು ಮಾಡ್ತಾರ. ಡಾಕ್ಟರು ಹೇಳ್ಯಾರ."

ಅರ್ಧವಲ್ಲ. ಪೂರ್ತಿ. ಗೇಟಿನ ಹೊರಗೆ ಕಲ್ಲುಕಟ್ಟೆಯ ಮೇಲೆ ಕೂತು ತಿನ್ನತೊಡಗಿದೆ. ಬಿಸಿಲು ಏರುತ್ತಿತ್ತು. ಕೆಲಸದಾಕೆ ಎದುರು ನಿಂತು "ತಿನ್ರಿ ಕಾಕಾ, ನಾಚಬ್ಯಾಡ್ರಿ" ಎನ್ನುತ್ತಿದ್ದಳು. ಒಳಗಿಂದ ಹೆಂಡತಿ "ಹೊತ್ತಾತು, ಜಲ್ದಿ" ಎನ್ನುತ್ತಿದ್ದಳು. ಗಂಟಲಿಗೆ ಸಿಕ್ಕಿತು. ನೀರಿಗೂ ಏಳಲಿಲ್ಲ.

ಎದುರು ಮನೆಯ ಗೋವೆಯ ಮುದುಕಿ ಚರ್ಚಿನಿಂದ ಬರುತ್ತಿದ್ದವಳು ನಿಂತಳು. ನಮ್ಮ ಮುಚ್ಚಿದ ಗೇಟು ನೋಡಿದಳು. ಕಟ್ಟೆಯ ಮೇಲೆ ಡಬ್ಬಿಯಿಂದ ಗಬಗಬ ತಿನ್ನುತ್ತಿದ್ದ ನನ್ನನ್ನು ನೋಡಿದಳು.

"ಏನಾಯ್ತು ಅಂಕಲ್?" ಅಂದಳು, ಹಿಂದಿಯಲ್ಲಿ.

ಬಾಯಲ್ಲಿ ಸಜ್ಜಕ. ತಲೆ ಆಡಿಸಿದೆ. ಬಾಯಿ ಖಾಲಿಯಿದ್ದರೂ ಅಷ್ಟೇ ಮಾಡುತ್ತಿದ್ದೆ.

ಅವಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಹೋದಳು.

ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ. ಹಬ್ಬದ ದಿನವೇ ಹೆಂಡತಿ ಗಂಡನನ್ನು ಮನೆಯಿಂದ ಹೊರಗೆ ಹಾಕಿದ್ದಾಳೆ, ಪಾಪ ಮುದುಕ ಕೆಲಸದಾಕೆ ಕೊಟ್ಟದ್ದನ್ನು ಬೀದಿಯಲ್ಲಿ ಕೂತು ತಿನ್ನುತ್ತಿದ್ದಾನೆ. ಪಕ್ಕದ ಮನೆಯವರು ನನಗೆಂದು ಮೀನು ಸಾರು ಅನ್ನ ಕಳಿಸಿದರು. ಎದುರು ಮನೆಯ ಮುದುಕಿ ಹೆಂಡತಿಗೆ ಬುದ್ಧಿ ಹೇಳಲು ಖುದ್ದಾಗಿ ಬಂದಳು.

ಹೆಂಡತಿ ಎಲ್ಲ ಕೇಳಿಸಿಕೊಂಡಳು. ಇಲ್ಲ ಅನ್ನಲಿಲ್ಲ. ಮುದುಕಿಯ ಕೈ ಹಿಡಿದು ಹೇಳಿದಳು: "ನಿಮ್ಮ ಮಾತಿಗೆ ಇದೊಂದು ಸಲ ಒಳಗ ತಗೋತೇನಿ."

೬. ಎಡಕ್ಕೆ ಒರಗುವುದು

ಮಧ್ಯಾಹ್ನ ಮಗಳು, ಅಳಿಯ ಬಂದರು. ಮಗಳು ಬಂದವಳೇ ಅವ್ವನ ಮುಖ ನೋಡಿದಳು, ನಾಡಿ ಹಿಡಿದಳು, ಕಾಲು ಬಾತಿದೆಯೇ ಎಂದು ಒತ್ತಿ ನೋಡಿದಳು.

"ಎಮ್ಮಿ ಕೊಳ್ಳಾಕ ಬಂದಂಗ ನೋಡಬ್ಯಾಡ," ಅಂದಳು ಹೆಂಡತಿ. ಹೋಗಿ ಮಲಗಿದಳು. ಸಂಜೆಯವರೆಗೆ ಏಳಲಿಲ್ಲ. ಶಕ್ತಿಯನ್ನೆಲ್ಲ ಬಾಗಿಲಿಗೆಂದು ಕೂಡಿಡುತ್ತಿದ್ದಳು. ಮೇಜು ಎಳೆದದ್ದು, ತಟ್ಟೆ ಒರೆಸಿದ್ದು, ಮಾಂಸದ ಪಾತ್ರೆ ಇಳಿಸಿದ್ದು, ದ್ರಾಕ್ಷಿಯ ಶರಬತ್ತು ಸೋಸಿದ್ದು ಎಲ್ಲ ನಾನು.

ಸೂರ್ಯ ಮುಳುಗಿದ ಮೇಲೆ ಕೂತೆವು. ನಾಲ್ಕೇ ಜನ. ಹುಬ್ಬಳ್ಳಿಯಲ್ಲಿ ಮೇಜು ಸಾಲದೆ ಬಾಗಿಲು ಕಿತ್ತು ಹಾಸಿದ್ದೂ ಉಂಟು. ಕೊನೆಗೆ ಎಲಿಯಾಹುವಿಗೆ ತೆಗೆಯಲು ಬಾಗಿಲೇ ಇರಲಿಲ್ಲ. ಅವನಿಗೆ ಅನುಕೂಲವಾಯಿತು ಎಂದಿದ್ದ ಅಪ್ಪ.

ಪಂಕ್ತಿಯಲ್ಲಿ ಎಲ್ಲರಿಗಿಂತ ಚಿಕ್ಕವರು "ಈ ರಾತ್ರಿ ಬೇರೆ ರಾತ್ರಿಗಳಂತೆ ಯಾಕಿಲ್ಲ?" ಎಂದು ರಾಗವಾಗಿ ಕೇಳಬೇಕು. ಮಕ್ಕಳ ಪಾಲಿನ ಹಾಡು. ಮೊಮ್ಮಕ್ಕಳು ಪರದೇಶದಲ್ಲಿ. ಮಗಳಿಗೆ ನೆಗಡಿಯಾಗಿ ದನಿ ಕೂತಿತ್ತು. ಬೋಳು ತಲೆಯ, ಬಿಳಿ ಮೀಸೆಯ ಅಳಿಯ ಕೈ ಕಟ್ಟಿ ನಿಂತು ಮಗುವಿನ ದನಿಯಲ್ಲಿ ಹಾಡಿದ. ಅವನ ಪ್ರಶ್ನೆಗಳಲ್ಲಿ ಒಂದು: ಬೇರೆ ರಾತ್ರಿ ನೆಟ್ಟಗೆ ಕೂರುತ್ತೇವೆ, ಈ ರಾತ್ರಿ ಯಾಕೆ ಒರಗುತ್ತೇವೆ?

ಉತ್ತರ ಹಬ್ಬದ ಕತೆಯ ಪುಸ್ತಕದಲ್ಲಿದೆ. ಗುಲಾಮರು ಸೆಟೆದು ಕೂರುತ್ತಾರೆ. ಸ್ವತಂತ್ರರು ದಿಂಬಿಗೆ ಒರಗುತ್ತಾರೆ. ಅದಕ್ಕೇ ಆ ಸಂಜೆ ಮನೆಯ ಯಜಮಾನನ ಎಡಗಡೆ ದಿಂಬುಗಳಿರುತ್ತವೆ. ಎಡಕ್ಕೆ ಒರಗಿ ಕುಡಿಯಬೇಕು, ಎಡಕ್ಕೆ ಒರಗಿ ತಿನ್ನಬೇಕು.

ಓದಿದೆ. ಒರಗಿದೆ. ಊಟವಾಯಿತು. ಮಗಳು ಊಟದುದ್ದಕ್ಕೂ ಅವ್ವನ ಕಣ್ಣುಗಳನ್ನೇ ಕಾಯುತ್ತಿದ್ದಳು. ಒಮ್ಮೆ ಹೆಂಡತಿ ರೆಪ್ಪೆ ಬಡಿದದ್ದಕ್ಕೇ "ಅವ್ವಾ, ನಿದ್ದಿ ಬಂತೇನು?" ಎಂದಳು. "ರೆಪ್ಪಿ ಐತಿ, ಬಡೀತೈತಿ" ಎಂದಳು ಹೆಂಡತಿ. ಅವಳ ಕಣ್ಣುಗಳು ಲಾಂದ್ರದ ಹಾಗೆ ಉರಿಯುತ್ತಿದ್ದವು.

ಊಟದ ನಂತರ ಯಜಮಾನ ಒಂದು ಪ್ರಾರ್ಥನೆ ಹೇಳಬೇಕು. ಅದಾದ ಮೇಲೆ ಬಾಗಿಲು. ನಾನು ದಿಂಬಿಗೆ ಒರಗಿದ್ದು ಗೊತ್ತು. ಮುಂದಿನದು ನನಗೆ ಗೊತ್ತಿಲ್ಲ. ಮಗಳು ಹೇಳಿದ್ದು.

ನಾನು ಒರಗಿಯೇ ಇದ್ದೆನಂತೆ. ಎಲ್ಲರೂ ಕಾದರು. ಯಾರಿಗೂ ಅನುಮಾನ ಬರಲಿಲ್ಲ. ಒರಗುವುದೇ ನಿಯಮ, ನಾನು ಮಾತಾಡದಿರುವುದು ಹೊಸದಲ್ಲ.

ಅಳಿಯ ಮೆಲ್ಲಗೆ ಹೇಳಿದನಂತೆ: "ಮಾವ ಎಷ್ಟು ಭಕ್ತಿಯಿಂದ ಒರಗ್ಯಾರ ನೋಡು. ಮನಸಿನ್ಯಾಗ ಪ್ರಾರ್ಥನಾ ನಡದೈತಿ."

ಇನ್ನಷ್ಟು ಹೊತ್ತು ಕಾದರು. ಆಮೇಲೆ ಪ್ರಾರ್ಥನೆಗೆ ದನಿ ಬಂತು.

ಅಳಿಯ ಕಿವಿಗೊಟ್ಟ. "ಇದು ಯಾವ ಶ್ಲೋಕ?"

"ಇದು ಹೀಬ್ರೂ ಅಲ್ಲಪ್ಪ," ಎಂದಳಂತೆ ಹೆಂಡತಿ. "ಇದು ಗೊರಕಿ."

ಮಗಳು ಎಬ್ಬಿಸಲು ಬಂದಳು. ಹೆಂಡತಿ ತಡೆದಳು. ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಆ ಪ್ರಾರ್ಥನೆಯನ್ನು ತಾನೇ ಹೇಳಿದಳು. ಒಂದಕ್ಷರ ತಪ್ಪಲಿಲ್ಲವಂತೆ. ಮೇಜಿಗೆ ಕೈಯೂರಿ ಎದ್ದಳು. ಮಗಳು ತೋಳು ಹಿಡಿಯಲು ಹೋದಳು. ಬೇಡ ಅಂದಳು. ನಡೆದು ಹೋಗಿ ಚಿಲಕ ತೆಗೆದು ಬಾಗಿಲನ್ನು ಪೂರ್ತಿ ತೆರೆದಳು. ಹೊರಗೆ ಬೆಳದಿಂಗಳು, ಬಂದರಿನ ಗಾಳಿ. ಬಾಗಿಲಲ್ಲಿ ನಿಂತು ಹೊರಗೆ ನೋಡಿದಳು. ಮಗಳು ಸದ್ದು ಮಾಡದೆ ಅಳುತ್ತಿದ್ದಳಂತೆ.

ಗಾಳಿ ಮುಖಕ್ಕೆ ಬಡಿದು ನನಗೆ ಎಚ್ಚರವಾಯಿತು. ನೆಟ್ಟಗೆ ಕೂತೆ. ಪುಸ್ತಕ ನನ್ನ ಮುಂದೆ ಇರಲಿಲ್ಲ. ಬಾಗಿಲು ತೆರೆದಿತ್ತು. ಹೆಂಡತಿ ನಿಧಾನವಾಗಿ ನಡೆದು ಬಂದು ತನ್ನ ಜಾಗದಲ್ಲಿ ಕೂತಳು.

"ಏನಾತು?" ಎಂದೆ.

"ಎಲಿಯಾಹು ಪ್ರವಾದಿ ಬಂದಿದ್ದರು."

"ಮತ್ತ?"

"ಯಜಮಾನರು ಮಲಗ್ಯಾರ, ಎಬ್ಬಸ್ಲೇನು ಅಂದೆ." ಅವಳು ನನ್ನನ್ನು ನೋಡಲಿಲ್ಲ. ಮಗಳನ್ನು ನೋಡಿ ಹೇಳಿದಳು. "ಬ್ಯಾಡವಾ, ಪಾಪ ದಣದಾರ, ಮಲಗಲಿ. ಮುಂದಿನ ವರ್ಷ ಇಲ್ಲಿಗೇ ಬರ್ತೇನಿ, ಠಾಣೆ ದಾರಿ ನನಗ ಗೊತ್ತಿಲ್ಲ ಅಂದರು."